ಉತ್ತರ ಕೊಟ್ಟವರಿಗೊಂದು ಪಾಸ್‌ಬುಕ್

ಟ್ಯಾಬ್ ಹಿಡಿದು ನಮ್ಮ ಬೀದಿಗೆ ಬಂದಿದ್ದ ಹೆಣ್ಣುಮಗಳಿಗೆ, ಅವಳನ್ನು ಕಳಿಸಿದ ಪ್ರಾಧ್ಯಾಪಕರಿಗೆ, ಬಡ ದೇಶಗಳ ಬೆಳವಣಿಗೆ, ವ್ಯಾಪಾರ, ಹಣಕಾಸಿನ ಲೆಕ್ಕ ಹಾಕುವ ಎಲ್ಲ ಸಂಶೋಧಕರಿಗೆ ನಮಸ್ಕಾರಗಳು.

ಮಗಳೇ, ಅವತ್ತು ನಿನ್ನ ಹೆಸರು ಕೇಳಿಕೊಳ್ಳಲಿಲ್ಲ. ಹಾಗಾಗಿ ಹೀಗೇ ಕರೆಯುತ್ತೇನೆ, ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ. ಶಿಡ್ಲಘಟ್ಟಕ್ಕೆ ಹತ್ತಿರದ ನಮ್ಮೂರಿಗೆ ನೀನು ಸರ್ವೆಗೆ ಬಂದ ದಿನ, ಎದುರು ಮನೆಯ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದವನು ನಾನು. ನೀನು ಮಾತಾಡಿಸಿದ ಹೆಂಗಸು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವವಳು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಬೇಸಿನ್ನಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಬೇಕು. ಬೆರಳ ತುದಿ ಯಾವಾಗಲೂ ಬೆಂದು ಬೆಳ್ಳಗೆ ಸುಕ್ಕಾಗಿರುತ್ತದೆ. ಒಪ್ಪಿಗೆಗೆಂದು ಟ್ಯಾಬಿನ ಮೇಲೆ ಬೆರಳಲ್ಲಿ ಗೀಚಲು ನೀನು ಹೇಳಿದಾಗ ಎರಡು ಸಲ ಅದು ಹಿಡಿಯಲೇ ಇಲ್ಲ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮೂರನೇ ಸಲ ಗೀಚಿದಳು. ನಿನಗೂ ನೆನಪಿರಬೇಕು.

ಆಮೇಲೆ ನೀನು ಕೇಳಿದೆ: "ನಿಮ್ಮ ಕುಟುಂಬದಲ್ಲಿ ಯಾರಾದರೂ ಪ್ರಸ್ತುತ ಸಾಲ ಹೊಂದಿದ್ದಾರೆಯೇ?"

"ಇಲ್ಲ ಕಣಮ್ಮ, ಸಾಲ ಗೀಲ ಏನಿಲ್ಲ" ಅಂದಳು. ನೀನು 'ಇಲ್ಲ' ಒತ್ತಿದೆ. ಸಾಲದ ಬಗ್ಗೆ ಮುಂದೆ ಇದ್ದ ಪ್ರಶ್ನೆಗಳೆಲ್ಲ ತಾವಾಗಿಯೇ ಹಾರಿಹೋಗಿ ಟ್ಯಾಬು ಅಡುಗೆ ಅನಿಲದ ಪ್ರಶ್ನೆಗೆ ಬಂದು ನಿಂತಿತು.

ಆಕೆ ಸುಳ್ಳು ಹೇಳಲಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಆಕೆ ಒಂದು ಮನೆಯ ಮುಂದೆ ಹತ್ತು ಹೆಂಗಸರ ಜೊತೆ ಕೂತು ಕಂತು ಕಟ್ಟುತ್ತಾಳೆ. ಅದು ಆಕೆಯ ಬಾಯಲ್ಲಿ 'ಸಂಘ'. ಕೆಲಸ ಮಾಡುವಲ್ಲಿ ಮಗಳ ಮದುವೆಗೆ ದುಡ್ಡು ಎತ್ತಿದ್ದಾಳೆ. ಅದು 'ಅಡ್ವಾನ್ಸು'. ಬಳೆ ಎರಡು ಬ್ಯಾಂಕಿನಲ್ಲಿವೆ. ಅದು 'ಒಡವೆ ಇಟ್ಟಿರೋದು'. ನಮ್ಮ ಬೀದಿಯಲ್ಲಿ ಸಾಲ ಅಂದರೆ ಬಡ್ಡಿಯವನ ಹತ್ತಿರ ಕೈಯೊಡ್ಡಿ ತಂದದ್ದು, ಕೇಳಿದರೆ ಮರ್ಯಾದೆ ಹೋಗುವಂಥದ್ದು. ಅದು ಆಕೆಗೆ ನಿಜವಾಗಿಯೂ ಇಲ್ಲ. ನಿನ್ನ ಪ್ರಶ್ನೆ ಕನ್ನಡದಲ್ಲೇ ಇತ್ತು, ಆದರೆ ಯಾವುದೋ ಕಚೇರಿಯಲ್ಲಿ ಕೂತು ಕನ್ನಡಕ್ಕೆ ತಂದ ಕನ್ನಡ ಅದು. ಮೂರು ಕಡೆ ಸಾಲ ಇರುವ ಮನೆ ನಿನ್ನ ಲೆಕ್ಕದಲ್ಲಿ ಸಾಲವೇ ಇಲ್ಲದ ಮನೆಯಾಯಿತು.

ಒಬ್ಬಳ ಉತ್ತರ ತಪ್ಪಿದರೆ ದೊಡ್ಡ ಸಂಗತಿಯಲ್ಲ. ಸಾವಿರ ಮನೆ ಕೇಳಿದರೆ ಕೆಲವರು ಹೆಚ್ಚು ಹೇಳುತ್ತಾರೆ, ಕೆಲವರು ಕಡಿಮೆ ಹೇಳುತ್ತಾರೆ, ಕೂಡಿ ಕಳೆದು ಸರಿಹೋಗುತ್ತದೆ ಎಂದು ನಿನ್ನ ಮೇಷ್ಟ್ರು ಹೇಳಿರುತ್ತಾರೆ. ಆದರೆ ಒಂದು ಸೀಮೆಯವರೆಲ್ಲ ಒಂದೇ ಕಾರಣಕ್ಕೆ ಒಂದೇ ಕಡೆಗೆ ತಪ್ಪಿದರೆ ಸಾವಿರವಲ್ಲ, ಲಕ್ಷ ಮನೆ ಕೇಳಿದರೂ ಆ ತಪ್ಪು ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ನಾನು ಅಲ್ಲೇ ಎದ್ದು ಬಂದು ಹೇಳಬೇಕಿತ್ತು. ಇನ್ನೊಬ್ಬರ ಮನೆಯ ಸಾಲದ ವಿಷಯ ಬೀದಿಯಲ್ಲಿ ನಿಂತು ಆಡುವುದು ಸರಿಯಲ್ಲ ಎನಿಸಿ ಸುಮ್ಮನಾದೆ. ಈಗ ಆಕೆಯನ್ನು ಕೇಳಿ, ಒಪ್ಪಿಗೆ ಪಡೆದು, ಬರೆಯುತ್ತಿದ್ದೇನೆ.

ನಾನೂ ಒಂದು ಕಾಲದಲ್ಲಿ ಮನೆಮನೆಗೆ ಹೋಗಿ ಫಾರಂ ತುಂಬಿಸಿಕೊಂಡವನು. 1979ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. 1983ರಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸ ಶಾಖೆ ತೆರೆಯಲು ಕಳಿಸಿದರು. ಊರಿನ ಗೌಡರ ಮನೆಯ ಪಡಸಾಲೆಯೇ ಶಾಖೆ. ತಿಜೋರಿ ಲಾರಿಯಲ್ಲಿ ಡಾಂಬರು ರಸ್ತೆಯವರೆಗೆ ಬಂತು, ಅಲ್ಲಿಂದ ಒಳಗೆ ಎತ್ತಿನ ಗಾಡಿಯಲ್ಲಿ. ಬೋರ್ಡು ತೂಗುಹಾಕಿದ ಎರಡನೇ ದಿನ ಒಬ್ಬ ಕುರಿಗಾಹಿ ಬಂದು ಹೊಸ್ತಿಲ ಹೊರಗೆ ನಿಂತ. "ಸಾಹೇಬ್ರ, ಇಲ್ಲಿ ರೊಕ್ಕ ಇಟ್ರ ತಿರುಗಿ ಬರ್ತದೇನ್ರಿ?" ಎಂದು ಕೇಳಿದ. ಬರುತ್ತದೆ ಅಂದೆ. ಏನು ಗುರುತು ಅಂದ. ಪಾಸ್‌ಬುಕ್ ತೋರಿಸಿದೆ. ಅದನ್ನು ತಿರುವಿ ನೋಡಿದ, ಮೂಸಿಯೂ ನೋಡಿದ. ಓದಲು ಬರುತ್ತಿರಲಿಲ್ಲ. ಮಗನನ್ನು ಕರೆದುಕೊಂಡು ಬಂದು ಓದಿಸಿ ಕೇಳಿ, ಆಮೇಲೆ ಐವತ್ತು ರೂಪಾಯಿ ಕೊಟ್ಟು ಖಾತೆ ತೆರೆದ. ಆ ಪ್ರಶ್ನೆಯನ್ನು ನಾನು ಮರೆತಿಲ್ಲ. ಈ ಪತ್ರ ಬರೆಯಲು ಕೂತಾಗಲೂ ಅದೇ ಕಿವಿಯಲ್ಲಿತ್ತು.

ಆ ಹಳ್ಳಿಗೆ ಬ್ಯಾಂಕು ಏಕೆ ಬಂತು ಎಂಬುದು ನನಗೆ ಆಗ ಅರ್ಧ ಮಾತ್ರ ಗೊತ್ತಿತ್ತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1977ರಲ್ಲಿ ರಿಸರ್ವ್ ಬ್ಯಾಂಕು ಒಂದು ಕಟ್ಟುನಿಟ್ಟಿನ ನಿಯಮ ತಂದಿತು: ಈಗಾಗಲೇ ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ತೆರೆಯಲೇಬೇಕು. ಬೆಂಗಳೂರಿನ ಯಾವುದೋ ಬಡಾವಣೆಯ ಒಂದು ಶಾಖೆಗಾಗಿ ಎದ್ದ ನಾಲ್ಕರಲ್ಲಿ ನಮ್ಮದೂ ಒಂದಿರಬೇಕು. ಬೇಸರದಿಂದ ಹೋದೆ ಎಂದು ಒಪ್ಪಿಕೊಳ್ಳುತ್ತೇನೆ. ದಕ್ಷಿಣ ಕನ್ನಡದ ಕಡೆಯ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಸಂತೋಷದಿಂದ ಬಂದಿದ್ದರು. ಅವರ ಸೀಮೆಯಲ್ಲಿ ಬ್ಯಾಂಕು ಬಡವರ ಬಾಗಿಲಿಗೆ ಹೋಗುವುದು ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಎತ್ತುವ ಪಿಗ್ಮಿ ಠೇವಣಿ ಶುರುಮಾಡಿತ್ತು. "ಎರಡಾಣೆಯವನನ್ನು ನಂಬದ ಬ್ಯಾಂಕಿಗೆ ಎರಡು ಲಕ್ಷದವನೂ ಉಳಿಯುವುದಿಲ್ಲ ಮಾರಾಯ್ರೆ" ಎಂದು ಅವರು ಹೇಳುತ್ತಿದ್ದರು.

ನಿವೃತ್ತನಾಗಿ ಕೆಲವು ವರ್ಷವಾದ ಮೇಲೆ, ಮಗ ತೋರಿಸಿದ ಒಂದು ಪ್ರಬಂಧದಿಂದ ಆ ಶಾಖೆಯ ಉಳಿದ ಅರ್ಧ ಕಥೆ ನನಗೆ ಗೊತ್ತಾಯಿತು. ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ ಬರೆದದ್ದು, 2005ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಅಚ್ಚಾದದ್ದು. ಇಂಗ್ಲಿಷು ಕಷ್ಟ, ಗಣಿತ ಇನ್ನೂ ಕಷ್ಟ. ಮಗನ ಪಕ್ಕ ಕೂತು ಎರಡು ವಾರ ಓದಿದೆ.

ಹಳ್ಳಿಗೆ ಬ್ಯಾಂಕು ಬಂದರೆ ಬಡತನ ಇಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಬ್ಯಾಂಕಿರುವ ಊರು, ಇಲ್ಲದ ಊರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ. ಏಕೆಂದರೆ ಬ್ಯಾಂಕು ತಾನಾಗಿ ಹೋಗುವುದು ಉಳ್ಳವರ ಊರಿಗೇ. ನೀರು ಇರುವ ಕಡೆಗೇ ಮೀನು. ಅವರು ಹಿಡಿದದ್ದು ಆ 1:4ರ ನಿಯಮವನ್ನು. 1977ಕ್ಕೆ ಮೊದಲು ಬ್ಯಾಂಕು ಹೆಚ್ಚಿದ್ದ ರಾಜ್ಯಗಳಲ್ಲೇ ಹೊಸ ಶಾಖೆಗಳು ಏಳುತ್ತಿದ್ದವು. 1977ರಿಂದ 1990ರವರೆಗೆ ಗಾಳಿ ತಿರುಗಿ, ಬ್ಯಾಂಕು ಕಡಿಮೆಯಿದ್ದ ರಾಜ್ಯಗಳ ಹಳ್ಳಿಗಳಲ್ಲಿ ಎದ್ದವು. 1990ರಲ್ಲಿ ನಿಯಮ ಹೋದದ್ದೇ ಮತ್ತೆ ಹಳೆಯ ದಾರಿ. ಸರ್ಕಾರದ ಒಂದು ಆದೇಶ ತಿರುಗಿಸಿದ ಆ ಎರಡು ತಿರುವುಗಳಲ್ಲಿ ಬಡತನದ ಅಂಕಿಯೂ ತಿರುಗಿತೇ ಎಂದು 16 ರಾಜ್ಯಗಳ 1961ರಿಂದ 2000ದವರೆಗಿನ ಲೆಕ್ಕ ಹಿಡಿದು ನೋಡಿದರು. ತಿರುಗಿತ್ತು. ಗ್ರಾಮೀಣ ಶಾಖೆಗಳು ಹೆಚ್ಚಿದ ಕಡೆ ಹಳ್ಳಿಯ ಬಡತನ ಇಳಿದಿತ್ತು. 1969 ಮತ್ತು 1990ರ ನಡುವೆ ಬ್ಯಾಂಕೇ ಇರದ ಸುಮಾರು 30,000 ಹಳ್ಳಿಗಳಿಗೆ ಶಾಖೆ ಹೋಯಿತು. ದೇಶದ ಒಟ್ಟು ಬ್ಯಾಂಕ್ ಸಾಲದಲ್ಲಿ ಹಳ್ಳಿ ಶಾಖೆಗಳ ಪಾಲು ಶೇ 1.5 ಇದ್ದದ್ದು ಶೇ 15ಕ್ಕೆ ಏರಿತು, ಉಳಿತಾಯದಲ್ಲಿ ಶೇ 3 ಇದ್ದದ್ದು ಶೇ 15ಕ್ಕೆ.

ಮಗಳೇ, ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಮೂವತ್ತು ಸಾವಿರ ಶಾಖೆಗಳಲ್ಲಿ ಒಂದರ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅಲ್ಲಿದ್ದಷ್ಟು ದಿನವೂ ಇದರಿಂದ ಏನಾದರೂ ಆಗುತ್ತಿದೆಯೇ ಎಂಬ ಸಂಶಯ ನನ್ನನ್ನು ಬಿಟ್ಟಿರಲಿಲ್ಲ. ಆಗುತ್ತಿತ್ತು ಎಂದು ಹೇಳಿದವರು ನೀವು, ನಿಮ್ಮಂಥವರು. ಲೆಕ್ಕದ ಬಲ ಎಷ್ಟು ದೊಡ್ಡದು ಎಂಬುದು ನನಗೆ ಅವತ್ತು ಅರ್ಥವಾಯಿತು. ಹಳ್ಳಿಯಲ್ಲೇ ಕೂತವನ ಕಣ್ಣಿಗೆ ಕಾಣದ್ದನ್ನು ನಲವತ್ತು ವರ್ಷದ ಅಂಕಿ ಜೋಡಿಸಿದವರು ಕಂಡರು. ನಿನ್ನ ಕೆಲಸವನ್ನು ನಾನು ಹಗುರವಾಗಿ ಕಾಣುವವನಲ್ಲ ಎಂದು ನಿನಗೆ ನಂಬಿಕೆ ಬರಲೆಂದು ಇದನ್ನೆಲ್ಲ ಹೇಳಿದೆ.

ಇನ್ನೊಂದು ಮುಖವನ್ನೂ ಹೇಳಬೇಕು. ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮದ (ಐಆರ್‌ಡಿಪಿ) ಎಮ್ಮೆ ಸಾಲಗಳ ಕಾಲ ಅದು. ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ ಹೊಡೆಯುತ್ತಿದ್ದರು. ಒಂದು ಸಂಜೆ ಒಬ್ಬ ರೈತ ಎಮ್ಮೆ ಹೊಡೆದುಕೊಂಡು ಬಂದು ತೋರಿಸಿದ. ಕಿವಿಯಲ್ಲಿ ಆಗಲೇ ಒಂದು ತೂತಿತ್ತು. ಹಿಂದಿನ ತಿಂಗಳು ಬೇರೆಯವನ ಹೆಸರಿನಲ್ಲಿ ಅದೇ ಎಮ್ಮೆಗೆ ನಾನೇ ಸಾಲ ಬರೆದಿದ್ದೆ. ಮಾರ್ಚ್ ತಿಂಗಳ ಗುರಿ ಮುಟ್ಟಬೇಕಿತ್ತು. ಬರೆದೆ. ನನ್ನ ಸಹಿಯೇ ಅದರ ಕೆಳಗಿದೆ. ಆಗ ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ನಮ್ಮ ಮಂಗಳೂರಿನ ಜನಾರ್ದನ ಪೂಜಾರಿಯವರ ಸಾಲ ಮೇಳಗಳಲ್ಲಿ ಮೈದಾನದ ತುಂಬ ಜನ ನಿಂತು ಸಾಲದ ಪತ್ರ ಪಡೆದದ್ದನ್ನೂ ನೋಡಿದ್ದೇನೆ. ಅಲ್ಲಿ ಜೀವನದಲ್ಲಿ ಮೊದಲ ಸಲ ಬ್ಯಾಂಕಿನ ಅಧಿಕಾರಿಯೆದುರು ತಲೆಯೆತ್ತಿ ನಿಂತವರನ್ನೂ ಕಂಡಿದ್ದೇನೆ, ಎಂದೂ ತೀರಿಸದವರನ್ನೂ ಕಂಡಿದ್ದೇನೆ. ಬರ್ಜೆಸ್ ಮತ್ತು ಪಾಂಡೆ ಇದನ್ನು ಮುಚ್ಚಿಡಲಿಲ್ಲ. ಬಡತನ ಇಳಿದದ್ದು ನಿಜ, ವಸೂಲಾಗದ ಸಾಲದ ಬೆಲೆಯೂ ದೊಡ್ಡದು ಎಂದು ಬರೆದಿದ್ದಾರೆ. ನನ್ನ ತೀರ್ಪು ಕೇಳಿದರೆ, ಆ ಬೆಲೆ ಕೊಟ್ಟದ್ದು ಸರಿ. ಎರಡು ಸಲ ಬಿಲ್ಲೆ ಹೊಡೆಸಿಕೊಂಡ ಎಮ್ಮೆಯನ್ನು ನೆನೆಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಆ ಪ್ರಬಂಧದಿಂದ ಹಿಂದಕ್ಕೆ ಹೋಗಿ 1993ರ ಇನ್ನೊಂದನ್ನೂ ಮಗ ತೋರಿಸಿದ. ರಾಬರ್ಟ್ ಕಿಂಗ್, ರಾಸ್ ಲೆವಿನ್ ಎಂಬಿಬ್ಬರು 80 ದೇಶಗಳ 1960ರಿಂದ 1989ರವರೆಗಿನ ಲೆಕ್ಕ ಇಟ್ಟು, ಬ್ಯಾಂಕುಗಳು ಬೆಳೆದ ದೇಶ ಮುಂದೆಯೂ ವೇಗವಾಗಿ ಬೆಳೆಯುತ್ತದೆ ಎಂದು ತೋರಿಸಿದ ಹೆಸರಾಂತ ಕೆಲಸ. ಅಲ್ಲಿ ಒಂದು ದೇಶಕ್ಕೆ ಒಂದು ಚುಕ್ಕೆ. ಭಾರತಕ್ಕೂ ಒಂದೇ. ಉಡುಪಿ, ದೇವದುರ್ಗ ಎರಡೂ ಆ ಒಂದೇ ಚುಕ್ಕೆಯ ಒಳಗೆ. ಅಂಥ ಚುಕ್ಕೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೀದಿಗೆ ಇಳಿದು ಬಂದದ್ದು ನಿಮ್ಮ ವಿದ್ಯೆಯ ದೊಡ್ಡ ಸಾಧನೆ ಎಂದು ನನಗನಿಸುತ್ತದೆ. ನಮ್ಮಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರು ಈ ಕೆಲಸವನ್ನು ತಾಲ್ಲೂಕು ಹಿಡಿದು ಮಾಡಿದರು. 2002ರ ಅವರ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರು ಹಿಡಿದು ಹೇಳಿತು. ದೇವದುರ್ಗ ಆ 39ರಲ್ಲಿ ಒಂದು. 'ನಂಜುಂಡಪ್ಪ ವರದಿ' ಎಂದರೆ ಇಂದಿಗೂ ಕಲ್ಯಾಣ ಕರ್ನಾಟಕದ ಚಹದಂಗಡಿಯಲ್ಲಿ ಕೂತವನಿಗೂ ಗೊತ್ತು. ಜನರ ಬಾಯಿಗೆ ಬಂದ ಸಂಶೋಧನೆ ಅದು. ಅಂಥದ್ದು ಇನ್ನೊಂದು ನನಗೆ ತೋರುತ್ತಿಲ್ಲ.

ವ್ಯಾಪಾರದ ವಿಷಯಕ್ಕೆ ಬರುತ್ತೇನೆ. ಅದು ನಮ್ಮ ಮನೆಯ ಒಳಗೇ ಬಂದುಹೋದ ವಿಷಯ.

2011ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಮೊಳಕಾಲ್ಮೂರು, ಕಂಚಿ, ಬನಾರಸಿನ ನೇಕಾರರಿಗೆ ಅಗ್ಗದ ನೂಲು ಬೇಕಿತ್ತು. ಅವರ ಕಷ್ಟವೂ ಸುಳ್ಳಲ್ಲ. ಚೀನಾದ ನೂಲು ಬಂತು. ಕೆಲವೇ ತಿಂಗಳಲ್ಲಿ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಧಾರಣೆ ನೆಲ ಕಚ್ಚಿತು, ರೈತರು ರಸ್ತೆಗಿಳಿದರು.

ನನ್ನ ಅಣ್ಣನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಧಾರಣೆ ಬಿದ್ದ ಸುದ್ದಿ ಮುಟ್ಟಿದ ಸಂಜೆ ನಾನು ಅಲ್ಲೇ ಇದ್ದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳುಮನೆಯ ಒಳಗೆ ಸೊಪ್ಪು ತಿನ್ನುವ ಸದ್ದು, ಸೋನೆ ಮಳೆ ಹುಯ್ದ ಹಾಗೆ. ಫೋನಿನಲ್ಲಿ ಮಾತಾಡಿ ಮುಗಿಸಿ ಅಣ್ಣ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತ. ಆಮೇಲೆ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೊರಟ. ಕತ್ತಲಾಯಿತಲ್ಲೋ ಅಂದೆ. "ಬೆಲೆ ಬಿತ್ತು ಅಂತ ಹುಳಕ್ಕೆ ಗೊತ್ತಾಗತ್ತೇನೋ? ಹಸಿದುಕೊಂಡಿದೆ" ಅಂದ.

ರೇಷ್ಮೆ ಹುಳು ಇವತ್ತು ತಿಂದು ನಾಳೆ ಕಾಯುವುದಿಲ್ಲ. ಗೂಡು ಕಟ್ಟಿದ ಮೇಲೂ ರೈತ ಕಾಯುವಂತಿಲ್ಲ, ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ತೂತು ಕೊರೆದು ಹೊರಬಂದರೆ ಗೂಡು ನೂಲಿಗೆ ಬಾರದು. ಹರಾಜಿನಲ್ಲಿ ಕೂಗಿದ ಬೆಲೆಗೆ ಕೊಟ್ಟು ಬರಬೇಕು. ಒಮ್ಮೆ ನೆಟ್ಟ ಹಿಪ್ಪುನೇರಳೆ ಹತ್ತು ಹದಿನೈದು ವರ್ಷ ನಿಲ್ಲುವ ಬೆಳೆ, ಬೇರು ಕಿತ್ತು ರಾಗಿ ಬಿತ್ತುವುದು ಒಂದು ಬಜೆಟ್ಟಿಗೆ ಉತ್ತರ ಕೊಡುವಷ್ಟು ಸುಲಭವಲ್ಲ. ವ್ಯಾಪಾರ ತೆರೆದಾಗ ನಷ್ಟವಾದವರು ಲಾಭವಿರುವ ಕಸುಬಿಗೆ ಹೋಗುತ್ತಾರೆ, ಒಟ್ಟಿನಲ್ಲಿ ಎಲ್ಲರಿಗೂ ಒಳಿತಾಗುತ್ತದೆ ಎಂದು ಅರ್ಥಶಾಸ್ತ್ರದ ಪುಸ್ತಕ ಹೇಳುತ್ತದೆ. ಅಣ್ಣ ಎಲ್ಲಿಗೆ ಹೋಗಬೇಕಿತ್ತು? 2013ರಲ್ಲಿ ಸುಂಕ ಮತ್ತೆ ಶೇ 15ಕ್ಕೆ ಏರಿತು. ಆ ಎರಡು ವರ್ಷದಲ್ಲಿ ಮಾಡಿದ ಸಾಲ ತೀರಿಸಲು ಅವನಿಗೆ ಐದು ವರ್ಷ ಹಿಡಿಯಿತು.

ಈ ಪ್ರಶ್ನೆಯನ್ನು ಅಂಕಿ ಹಿಡಿದು ಮೊದಲು ಕೇಳಿದವರಲ್ಲಿ ಬಲ್ಗೇರಿಯಾ ಮೂಲದ ಪೆಟಿಯಾ ಟೊಪಲೋವಾ ಒಬ್ಬರು. 1991ರ ಜುಲೈ 24ರ ಬಜೆಟ್ಟಿನಲ್ಲಿ ಮನಮೋಹನ್ ಸಿಂಗ್ ಗರಿಷ್ಠ ಆಮದು ಸುಂಕವನ್ನು ಶೇ 150ಕ್ಕೆ ಇಳಿಸಿದರು, ಮುಂದಿನ ವರ್ಷಗಳಲ್ಲಿ ಅದು ಇನ್ನೂ ಇಳಿಯಿತು. ಯಾವ ಜಿಲ್ಲೆಯಲ್ಲಿ ಯಾವ ಕಸುಬು ಹೆಚ್ಚು, ಆ ಕಸುಬಿನ ಸುಂಕ ಎಷ್ಟು ಇಳಿಯಿತು ಎಂದು ಜಿಲ್ಲೆಜಿಲ್ಲೆಗೂ ಲೆಕ್ಕ ಹಾಕಿದರು ಆಕೆ. ದೇಶದಲ್ಲಿ ಒಟ್ಟಾರೆ ಬಡತನ ಇಳಿಯುತ್ತಿತ್ತು, ನಿಜ. ಆದರೆ ಸುಂಕ ಇಳಿಕೆಯ ಪೆಟ್ಟು ಹೆಚ್ಚು ಬಿದ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ಇಳಿದದ್ದು ನಿಧಾನವಾಗಿ. ಕಾರಣವನ್ನೂ ಕಂಡರು. ಪುಸ್ತಕ ಹೇಳಿದಂತೆ ಜನ ಊರು ಬಿಟ್ಟು, ಕಸುಬು ಬಿಟ್ಟು ಹೋಗಿರಲಿಲ್ಲ. 2005ರ ಹೊತ್ತಿಗೇ ಇದು ಹೊರಬಂದಿತ್ತು. ತಜ್ಞರ ವಲಯ ಅದನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದು 2010ರಲ್ಲಿ. ಚೀನಾದ ಸರಕಿನಿಂದ ಅಮೆರಿಕದ ಊರುಗಳಲ್ಲೇ ಕೆಲಸ ಹೋಯಿತೆಂದು 2013ರಲ್ಲಿ ಡೇವಿಡ್ ಆಟರ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಲೋಕವೆಲ್ಲ ಅದನ್ನೇ ಮಾತಾಡತೊಡಗಿತು. ನಮ್ಮ ಜಿಲ್ಲೆಗಳು ಅದನ್ನೇ ಮೊದಲು ಹೇಳಿದ್ದವು. ಬಡವರ ಊರಿನಿಂದ ಬಂದ ಸಾಕ್ಷಿಗೆ ತೂಕ ಕಡಿಮೆಯೇ ಎಂಬ ನೋವು ನನ್ನನ್ನು ಈಗಲೂ ಕಾಡುತ್ತದೆ. ಪ್ರಾಧ್ಯಾಪಕರೇ, ಈ ಮಾತು ನಿಮಗೆ.

ಮತ್ತೆ ಎದುರು ಮನೆಗೆ, ಸಂಘಕ್ಕೆ ಬರುತ್ತೇನೆ. ನೀನು ಬಂದದ್ದೂ ಅದಕ್ಕಾಗಿಯೇ ತಾನೆ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಇನ್ನಿಬ್ಬರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧವನ್ನು ಹೆಕ್ಕಿದರು. ಆ ಅರ್ಧಕ್ಕೆ ಸಂಘದ ಸಾಲ ಕೊಡುವ ಸ್ಪಂದನ ಎಂಬ ಮೈಕ್ರೋಫೈನಾನ್ಸ್ ಸಂಸ್ಥೆ ಮೊದಲು ಹೋಯಿತು. ಒಂದೂವರೆ ವರ್ಷದ ಹೊತ್ತಿಗೆ ಮತ್ತೆ ಮನೆಮನೆಗೆ ಹೋಗಿ ಕೇಳಿದರು. ಸಾಲ ಸಿಕ್ಕ ಬಡಾವಣೆಗಳಲ್ಲಿ ವ್ಯಾಪಾರಕ್ಕೆ ಹಾಕಿದ ಬಂಡವಾಳ ಸ್ವಲ್ಪ ಹೆಚ್ಚಿತ್ತು, ಬಾಳಿಕೆಯ ವಸ್ತು ಕೊಂಡಿದ್ದರು, ಎಲೆ, ತಂಬಾಕು, ಚಹಾದಂಥ ಖರ್ಚು ಇಳಿದಿತ್ತು. ಆದರೆ ಮನೆಯ ಒಟ್ಟು ಅನುಭೋಗ ಏರಿರಲಿಲ್ಲ. 2015ರಲ್ಲಿ ಇದರ ಜೊತೆಗೆ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊದ ಇಂಥದೇ ಅಧ್ಯಯನಗಳು ಒಟ್ಟಿಗೆ ಅಚ್ಚಾದವು. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಮಾತು: ಸಣ್ಣ ಸಾಲ ಬಡವರ ಬದುಕನ್ನು ಬುಡಮೇಲು ಮಾಡಿ ಎತ್ತುವುದಿಲ್ಲ, ಮುಳುಗಿಸುವುದೂ ಇಲ್ಲ.

ಇದನ್ನೇ ಕೊನೆಯ ಮಾತು ಎಂದುಕೊಂಡರೆ ತಪ್ಪಾಗುತ್ತದೆ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರದ ಸುಗ್ರೀವಾಜ್ಞೆಯಿಂದ ಅಲ್ಲಿ ಮೈಕ್ರೋಫೈನಾನ್ಸ್ ಸಾಲದ ವಸೂಲಿ ನಿಂತುಹೋಯಿತು. ಆಂಧ್ರದಲ್ಲಿ ದುಡ್ಡು ಸಿಕ್ಕಿಹಾಕಿಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕೊಡುವುದನ್ನು ಕಡಿಮೆ ಮಾಡಿದವು. ಎಮಿಲಿ ಬ್ರೆಜಾ, ಸಿಂಥಿಯಾ ಕಿನ್ನನ್ ಆ ಬೇರೆ ರಾಜ್ಯಗಳ ಜಿಲ್ಲೆಗಳನ್ನು ನೋಡಿ 2021ರಲ್ಲಿ ಬರೆದರು: ಅಲ್ಲಿ ದಿನಗೂಲಿ ಇಳಿದಿತ್ತು, ಮನೆ ಖರ್ಚೂ ಇಳಿದಿತ್ತು. ಸಂಘದ ಸಾಲ ಎಂದೂ ಮಾಡದ ಕೂಲಿಯವನಿಗೂ ಪೆಟ್ಟು ಬಿದ್ದಿತ್ತು. ಏಕೆಂದರೆ ಸಾಲ ತಂದು ಒಬ್ಬಾಕೆ ಇಡ್ಲಿ ಗಾಡಿ ಹಾಕಿದರೆ ಕಟ್ಟಿಗೆ ತರುವವನಿಗೂ ಒಂದು ಕೂಲಿ ಹುಟ್ಟುತ್ತದೆ. ಗಾಡಿ ನಿಂತರೆ ಅದೂ ನಿಲ್ಲುತ್ತದೆ. ಬೀದಿ ಹೋಲಿಸಿದಾಗ ಕಾಣದ್ದು ಜಿಲ್ಲೆ ಹೋಲಿಸಿದಾಗ ಕಂಡಿತು.

ಈಗ ನಮ್ಮಲ್ಲೂ ಕಾನೂನು ಬಂದಿದೆ. 2009ರಲ್ಲೇ ಕೋಲಾರದಲ್ಲಿ ಮೈಕ್ರೋಫೈನಾನ್ಸ್ ಕಂತು ಕಟ್ಟುವುದನ್ನು ಜನ ಸಾಮೂಹಿಕವಾಗಿ ನಿಲ್ಲಿಸಿದ್ದರು. ವಸೂಲಿಯವರ ಕಾಟ ತಾಳದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳ ನಡುವೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬಾಗಿಲ ಮುಂದೆ ನಿಂತು ಹೆಂಗಸರ ಮರ್ಯಾದೆ ಕಳೆಯುವವರಿಗೆ ಇದು ಬೇಕಿತ್ತು. ಇದಕ್ಕೆ ಹೆದರಿ ಸಂಘಗಳೇ ಬಾಗಿಲು ಹಾಕಿಕೊಂಡರೆ ನಮ್ಮ ಬೀದಿಯ ಕೂಲಿ ಏನಾಗುತ್ತದೆ? ಉತ್ತರ ನಿನ್ನ ಟ್ಯಾಬಿನಲ್ಲಿರಬೇಕಿತ್ತು. ಆದರೆ ಅಲ್ಲಿ ಎದುರು ಮನೆಯಾಕೆಗೆ ಸಾಲವೇ ಇಲ್ಲ.

ಸರ್ಕಾರದ ಲೆಕ್ಕವನ್ನೇ ನಂಬಿ ಕೂರುವ ಹಾಗೂ ಇಲ್ಲ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರು 1950ರಲ್ಲಿ ಶುರುಮಾಡಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ನೋಡಿ ಒಂದು ಕಾಲದಲ್ಲಿ ಲೋಕವೇ ಕಲಿಯಿತು. ಅಂಥ ದೇಶದಲ್ಲಿ 2017-18ರ ಮನೆ ಖರ್ಚಿನ ಸಮೀಕ್ಷೆಯನ್ನು ಬಿಡುಗಡೆ ಮಾಡುವುದಿಲ್ಲ ಎಂದು 2019ರ ನವೆಂಬರಿನಲ್ಲಿ ಸರ್ಕಾರವೇ ಹೇಳಿತು. 2021ರ ಜನಗಣತಿ ಆ ವರ್ಷ ನಡೆಯಲಿಲ್ಲ. ಆ ಖರ್ಚಿನ ಸಮೀಕ್ಷೆಗೆ ಸಾವಿರಾರು ಮನೆಗಳು ಕೆಲಸ ಬಿಟ್ಟು ಕೂತು ಕೊಟ್ಟ ಉತ್ತರಗಳು ಕಪಾಟಿನಲ್ಲೇ ಉಳಿದವು. ಇದು ಇಟ್ಟ ಠೇವಣಿ ತಿರುಗಿ ಕೊಡದ ಬ್ಯಾಂಕಿನ ನಡವಳಿಕೆ.

ಠೇವಣಿ ಎಂದೇ ಹೇಳುತ್ತೇನೆ. ಎದುರು ಮನೆಯಾಕೆ ಅವತ್ತು ನಿನಗೆ ಒಂದು ಗಂಟೆ ಕೊಟ್ಟಳು. ಅಷ್ಟರ ಕೂಲಿ ಮುರಿಯಿತು. ಗಂಡ ಕುಡಿಯುತ್ತಾನೆಯೇ, ಮಗಳ ಮದುವೆಗೆ ಎಷ್ಟಾಯಿತು, ತಿಂಗಳಿಗೆ ಎಷ್ಟು ಸಲ ಬಾಡೂಟ ಎಂದು ತವರಿನವರಿಗೂ ಹೇಳದ್ದನ್ನು ನಿನಗೆ ಹೇಳಿದಳು. ಒಂದು ಸೋಪಿನ ಡಬ್ಬಿ ಕೊಟ್ಟು ಹೋದೆ. ನೀನು ಹೋದ ಮೇಲೆ ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾರ್, ಇದನ್ನೆಲ್ಲ ಬರ್ಕೊಂಡು ಹೋಗಿ ಏನ್ ಮಾಡ್ತಾರೆ? ನಮಗೇನಾದ್ರೂ ಹೇಳ್ತಾರಾ?" ನಲವತ್ತು ವರ್ಷದ ಹಿಂದೆ ಆ ಕುರಿಗಾಹಿ ಕೇಳಿದ ಪ್ರಶ್ನೆಯೇ. ಅವನಿಗೆ ತೋರಿಸಲು ನನ್ನ ಕೈಯಲ್ಲಿ ಪಾಸ್‌ಬುಕ್ ಇತ್ತು. ಆಕೆಗೆ ತೋರಿಸಲು ಏನೂ ಇರಲಿಲ್ಲ.

ದೇವದುರ್ಗದ ಆ ಹಳ್ಳಿಯಲ್ಲಿ ನಮ್ಮ ಶಾಖೆಯಿಂದ ಬಡತನ ಇಳಿಯಿತೋ ಇಲ್ಲವೋ ಎಂಬ ಚರ್ಚೆ ಎಲ್ಲೆಲ್ಲೋ ನಡೆಯಿತು. ಅದರ ಒಂದು ಸಾಲೂ ಆ ಊರಿಗೆ ಕನ್ನಡದಲ್ಲಿ ಹೋಗಲಿಲ್ಲ. ಹೋಗಿದ್ದರೆ, ಶಾಖೆ ಮುಚ್ಚುವ ಮಾತು ಬಂದಾಗ ಆ ಜನ ಅದನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಟೊಪಲೋವಾ ಬರೆದದ್ದು 2011ರಲ್ಲಿ ಅಣ್ಣನಿಗೆ ಗೊತ್ತಿದ್ದರೆ ರಸ್ತೆಗಿಳಿದ ರೈತರ ಮನವಿಯಲ್ಲಿ ಅದೂ ಒಂದು ಸಾಲಾಗುತ್ತಿತ್ತು. ಕೂಗಿಗೆ ಲೆಕ್ಕವೂ ಜೊತೆಯಾದರೆ ಕೂಗಿನ ತೂಕ ಬೇರೆ.

ಆದ್ದರಿಂದ, ಮಗಳೇ, ಪ್ರಾಧ್ಯಾಪಕರೇ, ಕೈಮುಗಿದು ಕೇಳುತ್ತೇನೆ. ಪ್ರಶ್ನಾವಳಿಯನ್ನು ಅಚ್ಚು ಮಾಡುವ ಮುಂಚೆ ಊರಿನ ನಾಲ್ಕು ಹೆಂಗಸರ ಮುಂದೆ ಓದಿ, ಅವರು ಯಾವುದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಕೊಂಡು ತಿದ್ದಿ. ಸಾಲ, ಸಂಘ, ಅಡ್ವಾನ್ಸು, ಕೈಗಡ, ಚೀಟಿ, ಒಡವೆ ಇಟ್ಟದ್ದು, ಇಷ್ಟನ್ನೂ ಬೇರೆಬೇರೆಯಾಗಿ ಕೇಳಿ. ಸರಾಸರಿಯ ಜೊತೆಗೆ ಯಾರಿಗೆ ಪೆಟ್ಟು ಬಿತ್ತು ಎಂಬುದನ್ನೂ ಬರೆಯಿರಿ. ಕೆಲಸ ಮುಗಿದ ಮೇಲೆ ಎರಡೇ ಪುಟ, ಕನ್ನಡದಲ್ಲಿ, ನೀವು ಕಂಡದ್ದನ್ನು ಉತ್ತರ ಕೊಟ್ಟವರ ಊರಿಗೆ ಕಳಿಸಿ. ಪಂಚಾಯಿತಿ ಕಚೇರಿಗೆ ಒಂದು ಪ್ರತಿ, ಗೂಡಿನ ಮಾರುಕಟ್ಟೆಗೆ ಒಂದು. ಅಲ್ಲಿ ದಿನದ ಧಾರಣೆ ಹಾಕುವ ಬೋರ್ಡಿನ ಪಕ್ಕದಲ್ಲಿ ಜಾಗವಿದೆ, ನಾನೇ ಅಂಟಿಸುತ್ತೇನೆ. ನೀವು ಕಂಡದ್ದು ನಮಗೆ ಹಿಡಿಸದೆ ಇರಬಹುದು, ನಮ್ಮ ನಂಬಿಕೆಗೆ ವಿರುದ್ಧವಾಗಿರಬಹುದು. ಆದರೂ ಕಳಿಸಿ.

ಎದುರು ಮನೆಯಾಕೆ ಏಳನೇ ತರಗತಿಯವರೆಗೆ ಓದಿದ್ದಾಳೆ. ಆಕೆಗೆ ಕನ್ನಡ ಓದಲು ಬರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಶಿಡ್ಲಘಟ್ಟ ತಾಲ್ಲೂಕು